ಮೆನಿಂಜೈಟಿಸ್ ಲಸಿಕೆ ಹಾಕಿಸುವುದು ಹೇಗೆ: ಯಾವ ರೋಗಾಣುವಿಗೆ ಯಾವ ಚುಚ್ಚುಮದ್ದು

‘ಮಗುವಿಗೆ ಮೆದುಳು ಜ್ವರದ ಲಸಿಕೆ ಆಗಿದೆ’ ಎಂದು ತಂದೆತಾಯಿ ನೆಮ್ಮದಿಯಿಂದ ಹೇಳುವಾಗ, ಯಾವ ಲಸಿಕೆಯ ಮಾತು ಅದು ಎಂಬುದು ಬಹಳ ಸಲ ಅವರಿಗೇ ಸ್ಪಷ್ಟವಾಗಿರುವುದಿಲ್ಲ. ತಪ್ಪು ಅವರದಲ್ಲ, ಕನ್ನಡದಲ್ಲಿ ‘ಮೆದುಳು ಜ್ವರ’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಬಳಕೆಯಾಗುತ್ತಿದೆ. ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಮೆದುಳಿನ ಅಂಗಾಂಶಕ್ಕೇ ತಗಲುವ ವೈರಸ್ ರೋಗ. ಮೆನಿಂಜೈಟಿಸ್ ಎಂದರೆ ಮೆದುಳು ಮತ್ತು ಬೆನ್ನುಹುರಿಗಳನ್ನು ಹೊದ್ದುಕೊಂಡಿರುವ ಪೊರೆಗಳ ಉರಿಯೂತ. ಮೊದಲನೆಯದಕ್ಕೆ ಹಾಕುವ ಜೆಇ ಲಸಿಕೆ ಎರಡನೆಯದನ್ನು ತಡೆಯುವುದಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ‘ಮೆನಿಂಜೈಟಿಸ್ ಲಸಿಕೆ’ ಎಂಬ ಹೆಸರಿನ ಒಂದೇ ಒಂದು ಲಸಿಕೆ ಇಲ್ಲವೇ ಇಲ್ಲ. ಪೊರೆಗಳಲ್ಲಿ ಉರಿಯೂತ ತರುವ ರೋಗಾಣುಗಳು ಹಲವು. ಅವುಗಳಲ್ಲಿ ಕೆಲವಕ್ಕೆ ಮಾತ್ರ ಲಸಿಕೆಗಳಿವೆ. ಒಂದಕ್ಕೆ ಹಾಕಿಸಿದ್ದು ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಲಸಿಕೆ ಹಾಕಿಸಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಹಾಕಿಸಿದ್ದೇವೆಯೇ?’ ಎಂಬುದಲ್ಲ, ‘ಯಾವ ರೋಗಾಣುವಿಗೆ ಹಾಕಿಸಿದ್ದೇವೆ, ಯಾವುದಕ್ಕೆ ಬಾಕಿ ಇದೆ?’ ಎಂಬುದು. ಇಷ್ಟು ಎಚ್ಚರ ವಹಿಸಬೇಕಾದದ್ದೇಕೆ ಎಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ ಬಂದವರಲ್ಲಿ ಸುಮಾರು 6 ಮಂದಿಗೆ ಒಬ್ಬರು ಸಾಯುತ್ತಾರೆ, 5 ಮಂದಿಗೆ ಒಬ್ಬರಲ್ಲಿ ಕಿವುಡುತನ, ಫಿಟ್ಸ್, ಕೈಕಾಲಿನ ಊನದಂಥ ತೀವ್ರ ತೊಂದರೆಗಳು ಉಳಿದುಬಿಡುತ್ತವೆ. ಬೆಳಿಗ್ಗೆ ಬರಿಯ ಜ್ವರವೆಂದು ಮಲಗಿದವರು ಮರುದಿನ ಬೆಳಗಾಗುವುದರೊಳಗೆ ಸಾವಿನ ಅಂಚಿಗೆ ಹೋಗಬಹುದಾದ ರೋಗ ಇದು. ಬಂದ ಮೇಲೆ ಯೋಚಿಸಲು ಸಮಯ ಕೊಡುವುದಿಲ್ಲ.

ಯಾವ ರೋಗಾಣುವಿಗೆ ಯಾವ ಲಸಿಕೆ

ವೈರಸ್‌ನಿಂದ ಬರುವ ಮೆನಿಂಜೈಟಿಸ್ ಹೆಚ್ಚು ಸಾಮಾನ್ಯ. ಬಹುಮಟ್ಟಿಗೆ ತಾನಾಗಿ ವಾಸಿಯಾಗುವಂಥದ್ದು. ಅದಕ್ಕೆ ಕಾರಣವಾಗುವ ವೈರಸ್‌ಗಳಲ್ಲಿ ಮಂಗನಬಾವು, ದಡಾರ, ಸೀತಾಳೆ ಸಿಡುಬುಗಳ ವೈರಸ್‌ಗಳೂ ಸೇರಿರುವುದರಿಂದ ಆ ರೋಗಗಳ ಲಸಿಕೆಗಳು ಈ ದಿಕ್ಕಿನಲ್ಲೂ ಸ್ವಲ್ಪ ರಕ್ಷಣೆ ಕೊಡುತ್ತವೆ. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯ ಬಹು ದೊಡ್ಡ ಉಪಕಾರವೂ ಇಲ್ಲೇ ಇದೆ: ಅದು ಎಳೆಯ ಮಕ್ಕಳಲ್ಲಿ ಕ್ಷಯರೋಗ ಮೆದುಳಿನ ಪೊರೆಗೆ ಹರಡುವುದನ್ನು ತಡೆಯುತ್ತದೆ.

ನಿಜವಾಗಿ ಜೀವ ತೆಗೆಯುವುದು ಬ್ಯಾಕ್ಟೀರಿಯಾ. ಲಸಿಕೆಯ ದೃಷ್ಟಿಯಿಂದ ಅವುಗಳಲ್ಲಿ ಮೂರನ್ನು ನೆನಪಿಡಬೇಕು. ಮೊದಲನೆಯದು ಹಿಬ್, ಅಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ. ಹೆಸರಿನಲ್ಲಿ ಇನ್‌ಫ್ಲುಯೆಂಜಾದ ನೆರಳಿದ್ದರೂ ಫ್ಲೂ ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ, ಫ್ಲೂ ಲಸಿಕೆ ಇದನ್ನು ತಡೆಯುವುದಿಲ್ಲ. ಲಸಿಕೆ ಬರುವ ಮೊದಲು ಅನೇಕ ದೇಶಗಳಲ್ಲಿ 5 ವರ್ಷದೊಳಗಿನ ಮಕ್ಕಳ ಮೆನಿಂಜೈಟಿಸ್‌ಗೆ ಇದೇ ಮುಖ್ಯ ಕಾರಣವಾಗಿತ್ತು. ಇಂದು ಇದರ ಲಸಿಕೆ ಸಾಮಾನ್ಯವಾಗಿ ಡಿಪಿಟಿ ಮತ್ತು ಹೆಪಟೈಟಿಸ್ ಬಿ ಲಸಿಕೆಗಳೊಡನೆ ಸೇರಿ ಪೆಂಟಾವೇಲೆಂಟ್ ಎಂಬ ಒಂದೇ ಚುಚ್ಚುಮದ್ದಿನಲ್ಲಿ ಸಿಗುತ್ತದೆ. ಕಾರ್ಡಿನಲ್ಲಿ ‘ಹಿಬ್’ ಎಂಬ ಪದ ಕಾಣದಿದ್ದರೂ ‘ಪೆಂಟಾ’ ಎಂದಿದ್ದರೆ ಆ ಡೋಸ್ ಆಗಿದೆ ಎಂದೇ ಅರ್ಥ.

ಎರಡನೆಯದು ನ್ಯುಮೋಕಾಕಸ್. ನ್ಯುಮೋನಿಯಾ ತರುವ ಈ ಬ್ಯಾಕ್ಟೀರಿಯಾ ಮೆದುಳಿನ ಪೊರೆಗೆ ತಲುಪಿದರೆ ಬದುಕುಳಿದವರಲ್ಲೂ ಕಿವುಡುತನದಂಥ ಗುರುತುಗಳನ್ನು ಬಿಟ್ಟುಹೋಗುವುದು ಹೆಚ್ಚು. ಇದರಲ್ಲಿ 100ಕ್ಕೂ ಮಿಕ್ಕಿ ಬಗೆಗಳಿವೆ. ಪಿಸಿವಿ ಎಂಬ ಲಸಿಕೆಯ ಹೆಸರಿನ ಮುಂದಿರುವ 10, 13, 15, 20 ಎಂಬ ಸಂಖ್ಯೆಗಳು ಆ ಲಸಿಕೆ ಎಷ್ಟು ಬಗೆಗಳನ್ನು ಗುರಿಯಾಗಿಸಿದೆ ಎಂಬುದನ್ನು ಹೇಳುತ್ತವೆ.

ಮೂರನೆಯದು ಮೆನಿಂಗೊಕಾಕಸ್. ಗೊಂದಲವೆಲ್ಲ ಹುಟ್ಟುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಈ ಬ್ಯಾಕ್ಟೀರಿಯಾದ 12 ಗುಂಪುಗಳನ್ನು ಗುರುತಿಸಲಾಗಿದ್ದು, ರೋಗಕ್ಕೆ ಹೆಚ್ಚಾಗಿ ಕಾರಣವಾಗುವುದು ಎ, ಬಿ, ಸಿ, ಡಬ್ಲ್ಯು, ಎಕ್ಸ್, ವೈ ಎಂಬ 6 ಗುಂಪುಗಳು. ಹಿಬ್ ಮತ್ತು ನ್ಯುಮೋಕಾಕಸ್‌ಗಳಂತೆ ಇದೂ ಸಕ್ಕರೆಯ ಸರಪಳಿಗಳಿಂದಾದ ಕವಚ ತೊಟ್ಟಿರುತ್ತದೆ. ಎರಡು ವರ್ಷದೊಳಗಿನ ಮಗುವಿನ ದೇಹ ಬರಿಯ ಸಕ್ಕರೆಯ ಕವಚವನ್ನು ತೋರಿಸಿದರೆ ಅದನ್ನು ಸರಿಯಾಗಿ ಗುರುತಿಸಿ ನೆನಪಿಟ್ಟುಕೊಳ್ಳಲಾರದು. ಆದ್ದರಿಂದ ಆ ಸಕ್ಕರೆಯನ್ನು ಟೆಟನಸ್ ಅಥವಾ ಡಿಫ್ತೀರಿಯಾದ, ವಿಷ ತೆಗೆದ ಪ್ರೋಟೀನಿಗೆ ಬೆಸೆದು ಲಸಿಕೆ ಮಾಡುತ್ತಾರೆ. ಇದೇ ಕಾಂಜುಗೇಟ್ ಲಸಿಕೆ. ಹಿಬ್, ಪಿಸಿವಿ ಮತ್ತು ಮೆನಿಂಗೊಕಾಕಸ್‌ನ ಎ, ಸಿ, ಡಬ್ಲ್ಯು, ವೈ ಗುಂಪುಗಳಿಗೆ ಹಾಕುವ ಮೆನ್-ಎಸಿಡಬ್ಲ್ಯುವೈ ಮೂರೂ ಈ ಜಾತಿಯವು. ಇವುಗಳ ಇನ್ನೊಂದು ಗುಣ ನನಗೆ ಬಹಳ ದೊಡ್ಡದೆನಿಸುತ್ತದೆ: ರೋಗವಿಲ್ಲದವರ ಗಂಟಲಲ್ಲೂ ಈ ಬ್ಯಾಕ್ಟೀರಿಯಾಗಳು ಸದ್ದಿಲ್ಲದೆ ವಾಸಿಸುತ್ತವೆ, ಕಾಂಜುಗೇಟ್ ಲಸಿಕೆಗಳು ಅಲ್ಲಿಂದಲೂ ಅವುಗಳನ್ನು ಬಹುಮಟ್ಟಿಗೆ ಓಡಿಸುತ್ತವೆ. ಹಾಗಾಗಿ ಒಬ್ಬರು ಹಾಕಿಸಿಕೊಂಡರೆ ಲಸಿಕೆಯ ವಯಸ್ಸಿಗೇ ಬಾರದ ಹಸುಗೂಸಿಗೂ ನೆರಳು ಸಿಗುತ್ತದೆ. ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ ಹಬ್ಬಿರುವ, ‘ಮೆನಿಂಜೈಟಿಸ್ ಪಟ್ಟಿ’ ಎಂದು ಕರೆಯುವ ಆಫ್ರಿಕಾದ ಪ್ರದೇಶದಲ್ಲಿ 1996–97ರ ಸಾಂಕ್ರಾಮಿಕ 2,50,000ಕ್ಕೂ ಹೆಚ್ಚು ಜನರಿಗೆ ತಗಲಿ ಸುಮಾರು 25,000 ಜನರ ಪ್ರಾಣ ತೆಗೆದಿತ್ತು. ಅಲ್ಲಿಗೆಂದೇ ತಯಾರಾದ ಎ ಗುಂಪಿನ ಕಾಂಜುಗೇಟ್ ಲಸಿಕೆ ಮೆನ್‌ಆಫ್ರಿವ್ಯಾಕ್ 2010ರಲ್ಲಿ ಬುರ್ಕಿನಾ ಫಾಸೊದಿಂದ ಶುರುವಾಗಿ ಹಬ್ಬಿದ ಮೇಲೆ, 2017ರ ನಂತರ ಆ ಪ್ರದೇಶದಲ್ಲಿ ಎ ಗುಂಪಿನ ಒಂದು ಪ್ರಕರಣವೂ ದೃಢಪಟ್ಟಿಲ್ಲ. ಆದರೆ ಬೇರೆ ಗುಂಪುಗಳು ಉಳಿದೇ ಇದ್ದವು. ಅದಕ್ಕಾಗಿ ಎ, ಸಿ, ಡಬ್ಲ್ಯು, ವೈ, ಎಕ್ಸ್ ಐದನ್ನೂ ಒಳಗೊಂಡ ಮೆನ್‌ಫೈವ್ ಲಸಿಕೆಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿ, 2024ರಲ್ಲಿ ನೈಜೀರಿಯಾ ಅದನ್ನು ಮೊದಲು ಬಳಕೆಗೆ ತಂದಿತು.

ಬಿ ಗುಂಪಿನ ಕಥೆ ಬೇರೆ. ಅದರ ಕವಚದ ಸಕ್ಕರೆ ಮನುಷ್ಯನ ನರಕೋಶಗಳ ಮೇಲಿರುವ ಸಕ್ಕರೆಯನ್ನೇ ಹೋಲುವುದರಿಂದ, ದೇಹ ಅದನ್ನು ಶತ್ರುವೆಂದು ಕಾಣುವುದಿಲ್ಲ. ಹಾಗೆ ಕಾಣುವಂತೆ ಮಾಡಿದರೂ ತನ್ನ ಮೇಲೆ ತಾನೇ ತಿರುಗಿಬೀಳುವ ಭಯ. ಆದ್ದರಿಂದ ವಿಜ್ಞಾನಿಗಳು ಕವಚವನ್ನು ಬಿಟ್ಟು ಬ್ಯಾಕ್ಟೀರಿಯಾದ ಜೀನೋಮ್ ಓದಿ, ಅದರ ಮೈಮೇಲೆ ಕಾಣಿಸಿಕೊಳ್ಳುವ ಪ್ರೋಟೀನುಗಳನ್ನು ಹುಡುಕಿ ತೆಗೆದರು. ರೀನೊ ರಪ್ಪುಓಲಿ ಮತ್ತು ಅವರ ತಂಡ ಹಿಡಿದ ಈ ಹಿಮ್ಮುಖ ದಾರಿಯಿಂದ ಬಂದದ್ದು ಬೆಕ್ಸೆರೊ. ಪ್ರೋಟೀನನ್ನೇ ನೆಚ್ಚಿದ ಇನ್ನೊಂದು ಲಸಿಕೆ ಟ್ರುಮೆನ್ಬಾ. ಬ್ರಿಟನ್ 2015ರಲ್ಲಿ ಬೆಕ್ಸೆರೊವನ್ನು ಎಲ್ಲ ಶಿಶುಗಳ ಲಸಿಕಾ ಪಟ್ಟಿಗೆ ಸೇರಿಸಿತು, ಮೊದಲ ಮೂರು ವರ್ಷಗಳಲ್ಲಿ ಆ ವಯಸ್ಸಿನ ಮಕ್ಕಳಲ್ಲಿ ಬಿ ಗುಂಪಿನ ರೋಗ 75 ಶೇಕಡಾದಷ್ಟು ಇಳಿಯಿತು. ಆದರೆ ಈ ಲಸಿಕೆ ಗಂಟಲಲ್ಲಿರುವ ಬ್ಯಾಕ್ಟೀರಿಯಾವನ್ನು ತೊಲಗಿಸುವುದಿಲ್ಲ. ಇದರ ರಕ್ಷಣೆ ಹಾಕಿಸಿಕೊಂಡವರಿಗೆ ಮಾತ್ರ. ಈ ವ್ಯತ್ಯಾಸದಿಂದ ಎರಡು ವ್ಯಾವಹಾರಿಕ ಮಾತುಗಳು ಹೊರಡುತ್ತವೆ. ಮೆನ್-ಎಸಿಡಬ್ಲ್ಯುವೈ ಹಾಕಿಸಿದವರಿಗೆ ಬಿ ಗುಂಪಿನಿಂದ ರಕ್ಷಣೆ ಇಲ್ಲ, ಬಿ ಲಸಿಕೆಯನ್ನು ಬೇರೆಯಾಗಿ ಕೇಳಬೇಕು (ಬಿಯೂ ಸೇರಿದಂತೆ ಐದು ಗುಂಪುಗಳನ್ನು ಒಟ್ಟಿಗೆ ಹೊಂದಿದ ಲಸಿಕೆಗಳು ಕೆಲವೆಡೆ ಬಂದಿವೆಯಾದರೂ ಎಲ್ಲೆಡೆ ಸಿಗುವುದಿಲ್ಲ). ಎರಡನೆಯದಾಗಿ, ಮೊದಲ ಡೋಸ್ ಬೆಕ್ಸೆರೊ ಆಗಿದ್ದರೆ ಮುಂದಿನದೂ ಅದೇ ಆಗಬೇಕು, ಟ್ರುಮೆನ್ಬಾ ಆಗಿದ್ದರೆ ಟ್ರುಮೆನ್ಬಾವೇ. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ.

ನವಜಾತ ಶಿಶುಗಳನ್ನು ಕಾಡುವ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್‌ಗೆ ಬಳಕೆಯಲ್ಲಿರುವ ಲಸಿಕೆ ಇನ್ನೂ ಇಲ್ಲ. ಅಲ್ಲಿ ರಕ್ಷಣೆ ಸಿಗುವುದು ಅಪಾಯವಿರುವ ತಾಯಂದಿರಿಗೆ ಹೆರಿಗೆಯ ಸಮಯದಲ್ಲಿ ಕೊಡುವ ಆಂಟಿಬಯಾಟಿಕ್‌ನಿಂದ.

ಶಿಶುಗಳ ಡೋಸ್‌ಗಳು

ಮೆನಿಂಜೈಟಿಸ್ ಅತಿ ಹೆಚ್ಚು ಬಾಧಿಸುವುದು ಮೊದಲ ವರ್ಷದ ಮಕ್ಕಳನ್ನು. ಆದ್ದರಿಂದ ಹಿಬ್ ಮತ್ತು ಪಿಸಿವಿ ಲಸಿಕೆಗಳನ್ನು 6 ವಾರದಷ್ಟು ಎಳೆಯ ವಯಸ್ಸಿನಿಂದಲೇ ಶುರುಮಾಡಬಹುದು. ಕೆಲವು ದೇಶಗಳು ಮೂರು ಡೋಸ್‌ಗಳನ್ನು ಮೊದಲ ತಿಂಗಳುಗಳಲ್ಲೇ ಮುಗಿಸುತ್ತವೆ, ಕೆಲವು ಎರಡನ್ನು ಮೊದಲಿಗೂ ಒಂದನ್ನು ಬೂಸ್ಟರ್ ಆಗಿ ಒಂದು ವರ್ಷದ ಸುಮಾರಿಗೂ ಕೊಡುತ್ತವೆ. ಎರಡೂ ಸರಿಯಾದ ಕ್ರಮಗಳೇ. ನೀವಿರುವಲ್ಲಿ ಯಾವುದಿದೆಯೋ ಅದನ್ನು ಹಿಡಿದು ಪೂರ್ತಿ ಮಾಡಿ. ಮೆನಿಂಗೊಕಾಕಸ್ ಲಸಿಕೆ ಎಲ್ಲ ದೇಶಗಳ ಉಚಿತ ಪಟ್ಟಿಯಲ್ಲಿಲ್ಲದ ಕಾರಣ, ಅದನ್ನು ಮಕ್ಕಳ ವೈದ್ಯರ ಬಳಿ ನೀವೇ ಎತ್ತಬೇಕಾದ ವಿಷಯವಾಗಿಯೇ ಉಳಿದಿದೆ.

ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಲಸಿಕೆಯನ್ನು ಮುಂದೂಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಅದು ತಪ್ಪು. ಹುಟ್ಟಿದ ದಿನದಿಂದಲೇ ವಾರಗಳನ್ನು ಎಣಿಸಬೇಕು. ಬೇಗ ಹುಟ್ಟಿದ ಕೂಸಿಗೆ ತಾಯಿಯಿಂದ ಬಂದ ಪ್ರತಿಕಾಯಗಳೇ ಕಡಿಮೆ, ಅದಕ್ಕೆ ಲಸಿಕೆಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ. ಒಂದು ಡೋಸ್ ತಪ್ಪಿಹೋಗಿದ್ದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಎಷ್ಟು ಡೋಸ್ ಉಳಿದಿವೆ ಎಂಬುದು ಈಗಿನ ವಯಸ್ಸನ್ನು ಅವಲಂಬಿಸುತ್ತದೆ, ಏಕೆಂದರೆ ದೊಡ್ಡ ಮಗುವಿಗೆ ಕಡಿಮೆ ಡೋಸ್‌ಗಳು ಸಾಕಾಗುತ್ತವೆ.

ಹದಿಹರೆಯದವರು, ಹೆಚ್ಚು ಅಪಾಯವಿರುವವರು

ಮೆನಿಂಗೊಕಾಕಸ್ ಎರಡನೆಯ ಸಲ ತಲೆ ಎತ್ತುವುದು ಹದಿಹರೆಯದ ಕೊನೆಗೆ. ಆ ವಯಸ್ಸಿನವರ ಗಂಟಲಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ವಾಸಿಸುತ್ತದೆ. ಹಾಸ್ಟೆಲ್, ಸೇನಾ ತರಬೇತಿ ಶಿಬಿರದಂಥ ಕಡೆಗಳಲ್ಲಿ ಒಂದೇ ಕೋಣೆಯಲ್ಲಿ ಹಲವರು ಮಲಗುತ್ತಾರೆ. ಮಗ ಅಥವಾ ಮಗಳನ್ನು ಓದಿಗೆಂದು ಹೊರಗೆ ಕಳುಹಿಸುವವರು ಹೊರಡುವ ದಿನಕ್ಕೆ ಕನಿಷ್ಠ ಎರಡು ವಾರ ಮೊದಲು ಮೆನ್-ಎಸಿಡಬ್ಲ್ಯುವೈ ಹಾಕಿಸಿದರೆ ರಕ್ಷಣೆ ಕೂಡಿಬರಲು ಸಮಯ ಸಿಗುತ್ತದೆ. ಬಿ ಲಸಿಕೆಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕಾಗುವುದರಿಂದ ಅದರ ಯೋಜನೆ ತಿಂಗಳುಗಳ ಹಿಂದೆಯೇ ಆಗಬೇಕು.

ಗುಲ್ಮ (ಸ್ಪ್ಲೀನ್) ಇಲ್ಲದವರು ಅಥವಾ ಅದು ಕೆಲಸ ಮಾಡದವರು ಬೇರೆಲ್ಲರಿಗಿಂತ ಮುಂಚೆ ಎಚ್ಚರಗೊಳ್ಳಬೇಕು. ಕವಚ ತೊಟ್ಟ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಸೋಸಿ ತೆಗೆಯುವ ಕೆಲಸ ಬಹುಪಾಲು ಗುಲ್ಮದ್ದೇ. ಅಪಘಾತದಲ್ಲಿ ಗುಲ್ಮ ತೆಗೆಸಿಕೊಂಡವರಿಗೆ, ಸಿಕಲ್ ಸೆಲ್ ಕಾಯಿಲೆಯವರಿಗೆ ಹಿಬ್, ನ್ಯುಮೋಕಾಕಸ್, ಮೆನಿಂಗೊಕಾಕಸ್ ಮೂರರ ಲಸಿಕೆಗಳೂ ಬೇಕು. ಶಸ್ತ್ರಚಿಕಿತ್ಸೆ ಮೊದಲೇ ನಿಗದಿಯಾಗಿದ್ದರೆ ಅದಕ್ಕೆ ಎರಡು ವಾರ ಮುಂಚೆ ಹಾಕಿಸುವುದು ಉತ್ತಮ. ರೋಗಾಣುಗಳನ್ನು ಕೊಲ್ಲಲು ನೆರವಾಗುವ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳ ಕೊರತೆ ಇರುವವರು, ಆ ಪ್ರೋಟೀನನ್ನು ತಡೆಯುವ ಎಕುಲಿಜುಮಾಬ್‌ನಂಥ ಔಷಧ ತೆಗೆದುಕೊಳ್ಳುವವರು, ಎಚ್‌ಐವಿ ಇರುವವರು, ಪ್ರಯೋಗಾಲಯದಲ್ಲಿ ಮೆನಿಂಗೊಕಾಕಸ್ ಬೆಳೆಸುವವರು ಕೂಡ ಈ ಸಾಲಿನಲ್ಲಿದ್ದಾರೆ. ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ನ್ಯುಮೋಕಾಕಸ್ ಲಸಿಕೆ ಕಡ್ಡಾಯವೆಂದೇ ತಿಳಿಯಿರಿ. ಇಂಥ ನಿರಂತರ ಅಪಾಯವಿರುವವರಿಗೆ ಒಮ್ಮೆ ಹಾಕಿಸಿದರೆ ಮುಗಿಯುವುದಿಲ್ಲ. ಮೆನ್-ಎಸಿಡಬ್ಲ್ಯುವೈಯ ಬೂಸ್ಟರ್ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಬೇಕಾಗುತ್ತದೆ.

ಪ್ರಯಾಣಕ್ಕೆ ಮುನ್ನ

ಹಜ್ ಮತ್ತು ಉಮ್ರಾ ಯಾತ್ರಿಕರಿಗೆ ಸೌದಿ ಅರೇಬಿಯಾ ಮೆನ್-ಎಸಿಡಬ್ಲ್ಯುವೈ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದೆ. 2000 ಮತ್ತು 2001ರಲ್ಲಿ ಹಜ್‌ನಿಂದ ಮರಳಿದವರ ಮೂಲಕ ಡಬ್ಲ್ಯು ಗುಂಪಿನ ರೋಗ ಹಲವು ದೇಶಗಳಿಗೆ ಹರಡಿದ್ದು ಇದರ ಹಿನ್ನೆಲೆ. ಲಸಿಕೆಯನ್ನು ಅಲ್ಲಿ ಇಳಿಯುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. ಪ್ರಮಾಣಪತ್ರದಲ್ಲಿ ‘ಕಾಂಜುಗೇಟ್’ ಎಂದು ನಮೂದಾಗಿದ್ದರೆ ಅದರ ಮಾನ್ಯತೆ 5 ವರ್ಷ, ಬರಿಯ ಸಕ್ಕರೆಯ ಕವಚದಿಂದ ಮಾಡಿದ ಹಳೆಯ ಪಾಲಿಸ್ಯಾಕರೈಡ್ ಲಸಿಕೆಯಾದರೆ 3 ವರ್ಷ. ಬರೆದುಕೊಡುವವರು ಆ ಪದವನ್ನು ಬಿಟ್ಟಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ. ಆಫ್ರಿಕಾದ ಮೆನಿಂಜೈಟಿಸ್ ಪಟ್ಟಿಗೆ, ಅದರಲ್ಲೂ ಡಿಸೆಂಬರ್‌ನಿಂದ ಜೂನ್‌ವರೆಗಿನ ಒಣ ಹವೆಯ ತಿಂಗಳುಗಳಲ್ಲಿ ಹೋಗುವವರಿಗೂ ಇದೇ ಲಸಿಕೆ ಅಗತ್ಯ.

ಚುಚ್ಚಿಸಿಕೊಳ್ಳುವ ದಿನ

ಹಳೆಯ ಕಾರ್ಡನ್ನು ಒಯ್ಯಿರಿ. ಹಿಂದಿನ ಡೋಸ್‌ಗೆ ಉಸಿರು ಕಟ್ಟುವಂಥ ಅಲರ್ಜಿ ಆಗಿದ್ದರೆ, ಟೆಟನಸ್ ಅಥವಾ ಡಿಫ್ತೀರಿಯಾ ಲಸಿಕೆ ತೀವ್ರವಾಗಿ ಒಗ್ಗದೇ ಹೋಗಿದ್ದರೆ, ರಕ್ತ ಹೆಪ್ಪುಗಟ್ಟುವಲ್ಲಿ ತೊಂದರೆಯಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ನಡೆಯುತ್ತಿದ್ದರೆ ಸೂಜಿ ಹತ್ತಿರ ಬರುವ ಮೊದಲೇ ಹೇಳಿ. ನೆಗಡಿ, ಸಣ್ಣ ಕೆಮ್ಮು, ಹಲ್ಲು ಬರುವ ಕಿರಿಕಿರಿ ಇವು ಲಸಿಕೆ ಮುಂದೂಡಲು ಕಾರಣಗಳಲ್ಲ. ತೀವ್ರ ಜ್ವರವಿದ್ದರೆ ಮಾತ್ರ ಇಳಿಯುವವರೆಗೆ ಕಾಯಬಹುದು.

ಸೀಸೆಯನ್ನು ತೋರಿಸಲು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ದಾದಿಯರು ತಾವಾಗಿಯೇ ತೋರಿಸುತ್ತಾರೆ. ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಓದಿ. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಕೆಲವು ಸೀಸೆಗಳ ಮೇಲೆ ಕಾಳಿನಷ್ಟು ಚಿಕ್ಕ ವೃತ್ತವೊಂದಿದ್ದು ಅದರ ನಡುವೆ ಒಂದು ಚೌಕವಿರುತ್ತದೆ. ಚೌಕದ ಬಣ್ಣ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಅದು ವೃತ್ತದ ಬಣ್ಣಕ್ಕೆ ಸಮನಾಗಿದ್ದರೆ ಅಥವಾ ಅದಕ್ಕಿಂತ ಕಪ್ಪಾಗಿದ್ದರೆ ಲಸಿಕೆ ಬಿಸಿಗೆ ಸಿಕ್ಕಿ ಕೆಟ್ಟಿದೆ ಎಂದರ್ಥ.

ಇನ್ನೊಂದು ಸಂಗತಿಯನ್ನು ಕಣ್ಣಿಟ್ಟು ನೋಡಬೇಕು. ಕೆಲವು ಲಸಿಕೆಗಳು ಒಂದು ಸೀಸೆಯಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ ಎಂದು ಜೋಡಿಯಾಗಿ ಬರುತ್ತವೆ. ಮೆನ್-ಎಸಿಡಬ್ಲ್ಯುವೈ ಲಸಿಕೆಗಳಲ್ಲಿ ಒಂದಾದ ಮೆನ್ವಿಯೊದ ಎರಡು ಸೀಸೆಯ ರೂಪದಲ್ಲಿ ಎ ಗುಂಪಿನ ಭಾಗ ಪುಡಿಯಲ್ಲಿದ್ದು ಸಿ, ಡಬ್ಲ್ಯು, ವೈ ಭಾಗಗಳು ದ್ರವದಲ್ಲಿರುತ್ತವೆ. ದ್ರವವನ್ನು ಸಿರಿಂಜಿಗೆ ಎಳೆದು, ಪುಡಿಯ ಸೀಸೆಗೆ ಬಿಟ್ಟು, ಕರಗುವವರೆಗೆ ಅಲುಗಿಸಿ, ಮತ್ತೆ ಎಳೆದುಕೊಂಡು ಚುಚ್ಚಬೇಕು. ಅವಸರದಲ್ಲಿ ದ್ರವವನ್ನಷ್ಟೇ ಚುಚ್ಚಿದರೆ ಕಾರ್ಡಿನಲ್ಲಿ ನಾಲ್ಕು ಗುಂಪು, ಮೈಯಲ್ಲಿ ಮೂರೇ. ಮೇಜಿನ ಮೇಲೆ ಪುಡಿಯಿರುವ ಸೀಸೆ ತೆರೆಯದೇ ಉಳಿದಿದ್ದರೆ ಅಲ್ಲೇ ಕೇಳಿ.

ಶಿಶುಗಳಿಗೆ ತೊಡೆಯ ಮುಂಬದಿಯ ಸ್ನಾಯುವಿಗೂ ದೊಡ್ಡವರಿಗೆ ರಟ್ಟೆಗೂ ಚುಚ್ಚುತ್ತಾರೆ. ಒಂದೇ ದಿನ ಬೇರೆ ಲಸಿಕೆಗಳನ್ನೂ ಬೇರೆ ಜಾಗದಲ್ಲಿ ಕೊಡಬಹುದು. ಮಗುವಿಗೆ ಭಾರವಾದೀತೆಂದು ಒಂದೊಂದನ್ನೇ ಎಳೆದಾಡಿದರೆ ರಕ್ಷಣೆಯಿಲ್ಲದ ವಾರಗಳಷ್ಟೇ ಹೆಚ್ಚುತ್ತವೆ. ಮುಗಿದ ಮೇಲೆ 15 ನಿಮಿಷ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ತೀರಾ ಅಪರೂಪ, ಆದರೆ ಬಂದರೆ ಬಹುಮಟ್ಟಿಗೆ ಆ ಹೊತ್ತಿನಲ್ಲೇ ಬರುತ್ತದೆ. ಹದಿಹರೆಯದವರು ಸೂಜಿಯ ಭಯಕ್ಕೇ ತಲೆಸುತ್ತಿ ಬೀಳುವುದುಂಟು, ಅವರನ್ನು ಎದ್ದು ಓಡಾಡಲು ಬಿಡಬೇಡಿ.

ಮನೆಗೆ ಬಂದ ಮೇಲೆ

ಚುಚ್ಚಿದ ಜಾಗ ಕೆಂಪಾಗಿ ಊದುವುದು, ನೋಯುವುದು, ಒಂದೆರಡು ದಿನ ಮೈ ಬಿಸಿಯಾಗುವುದು, ಮಗು ರಚ್ಚೆ ಹಿಡಿಯುವುದು ನಿರೀಕ್ಷಿತವೇ. ಬಿ ಲಸಿಕೆಯನ್ನು ಶಿಶುವಿಗೆ ಉಳಿದ ಲಸಿಕೆಗಳ ಜೊತೆ ಕೊಟ್ಟಾಗ ಜ್ವರ ಬರುವುದು ಇತರವುಗಳಿಗಿಂತ ಹೆಚ್ಚು. ಅದಕ್ಕೆಂದೇ ಪ್ಯಾರಾಸಿಟಮಾಲ್ ಅನ್ನು ಲಸಿಕೆಯ ಹೊತ್ತಿಗೇ ಶುರುಮಾಡುವ ಕ್ರಮ ಬ್ರಿಟನ್ನಿನಲ್ಲಿದೆ. ಪ್ರಮಾಣ ಎಷ್ಟೆಂಬುದನ್ನು ಮಗುವಿನ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಜ್ವರ ಎರಡು ದಿನ ಮೀರಿದರೆ, ಅಥವಾ ಮಗು ಎಬ್ಬಿಸಿದರೂ ಏಳದಷ್ಟು ಮಂಕಾದರೆ ಅದು ಲಸಿಕೆಯ ಜ್ವರವೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಿ.

ಕಾರ್ಡಿನ ಎರಡೂ ಬದಿಗಳ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷದ ನಂತರ ಯಾವುದೋ ವೈದ್ಯರು ‘ಯಾವ ಬ್ರ್ಯಾಂಡ್, ಯಾವ ದಿನ?’ ಎಂದು ಕೇಳಿದಾಗ ನೆನಪು ಸಾಲುವುದಿಲ್ಲ.

ಲಸಿಕೆ ಆದವರಲ್ಲೂ ಗಮನಿಸಬೇಕಾದದ್ದು

ಲಸಿಕೆಗೆ ಸಿಗದ ಗುಂಪುಗಳೂ ಬಗೆಗಳೂ ಇರುವುದರಿಂದ, ಎಲ್ಲ ಡೋಸ್ ಮುಗಿಸಿದವರಿಗೂ ಮೆನಿಂಜೈಟಿಸ್ ಬರಬಾರದೆಂದಿಲ್ಲ. ಜ್ವರದ ಜೊತೆ ತೀವ್ರ ತಲೆನೋವು, ಗಲ್ಲವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆ ಸೆಡೆತ, ಬೆಳಕು ಸಹಿಸಲಾಗದಿರುವುದು, ವಾಂತಿ, ಮಾತಿನಲ್ಲಿ ಗೊಂದಲ, ಫಿಟ್ಸ್ ಇವು ಕಂಡರೆ ಕಾಯಬಾರದು. ಶಿಶುಗಳಲ್ಲಿ ಕುತ್ತಿಗೆ ಸೆಡೆತ ಕಾಣದೇ ಹೋಗಬಹುದು. ಅಲ್ಲಿ ನೋಡಬೇಕಾದದ್ದು ಉಬ್ಬಿದ ನೆತ್ತಿ, ಹಾಲು ಕುಡಿಯದಿರುವುದು, ಕೀರಲು ಅಳು, ಎತ್ತಿಕೊಂಡರೆ ಅಳು ಹೆಚ್ಚಾಗುವುದು, ಮೈ ಜೋಲುವುದು. ಕೈಕಾಲು ತಣ್ಣಗಾಗಿ ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳೆದ್ದರೆ, ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಒತ್ತಿ ಗಾಜಿನ ಮೂಲಕ ನೋಡಿ. ಒತ್ತಿದಾಗಲೂ ಚುಕ್ಕೆ ಮಾಸದಿದ್ದರೆ ಅದು ರಕ್ತಕ್ಕೆ ನಂಜೇರಿರುವ ಸೂಚನೆಯಾಗಿರಬಹುದು, ಆ ಕ್ಷಣವೇ ಹೊರಡಬೇಕು. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗ, ಬಾಯಿಯ ಅಂಗುಳಗಳಲ್ಲಿ ಚುಕ್ಕೆಗಳು ಸುಲಭವಾಗಿ ಕಾಣುತ್ತವೆ. ಆದರೆ ಚುಕ್ಕೆಗಳು ಏಳುವವರೆಗೆ ಕಾಯುವುದು ಬೇಡ, ಎಷ್ಟೋ ರೋಗಿಗಳಲ್ಲಿ ಅವು ಏಳುವುದೇ ಇಲ್ಲ.

ಮನೆಯಲ್ಲಿ ಯಾರಿಗಾದರೂ ಮೆನಿಂಗೊಕಾಕಸ್ ರೋಗ ಖಚಿತವಾದರೆ, ಜೊತೆಗಿದ್ದವರು ಲಸಿಕೆ ಹಾಕಿಸಿಕೊಂಡಿದ್ದರೂ ವೈದ್ಯರು ಹೇಳುವ ಆಂಟಿಬಯಾಟಿಕ್ ಅನ್ನು, ಸಾಧ್ಯವಾದರೆ 24 ಗಂಟೆಯೊಳಗೆ, ತೆಗೆದುಕೊಳ್ಳಬೇಕು. ಸಿಪ್ರೊಫ್ಲಾಕ್ಸಸಿನ್, ರಿಫಾಂಪಿಸಿನ್, ಸೆಫ್ಟ್ರಯಾಕ್ಸೋನ್ ಇವುಗಳಲ್ಲಿ ಯಾವುದು ಎಂಬುದನ್ನು ವಯಸ್ಸು, ಗರ್ಭಾವಸ್ಥೆ ನೋಡಿ ಅವರೇ ನಿರ್ಧರಿಸುತ್ತಾರೆ. ಲಸಿಕೆಯ ರಕ್ಷಣೆ ಕೂಡಿಬರಲು ವಾರಗಳು ಬೇಕು, ಮಾತ್ರೆ ಗಂಟಲಲ್ಲಿರುವ ಬ್ಯಾಕ್ಟೀರಿಯಾವನ್ನು ಬೇಗನೆ ಕೊಲ್ಲುತ್ತದೆ. ರೋಗಿಯನ್ನು ಆಸ್ಪತ್ರೆಗೆ ಸೇರಿಸುವಾಗ ಫೋನಿನಲ್ಲಿರುವ ಆ ಕಾರ್ಡಿನ ಫೋಟೊವನ್ನೂ ತೋರಿಸಿ, ಯಾವ ಲಸಿಕೆಗಳು ಆಗಿವೆ, ಯಾವುವು ಆಗಿಲ್ಲ ಎಂಬುದನ್ನು ವೈದ್ಯರಿಗೆ ತಿಳಿಸಿ.